ಎಪ್ಪತ್ತೆರಡು ಕಿಲೋ

ಜನವರಿ ೨೭, ಸೋಮವಾರ

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಈಗಾಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ಹಿರಿಯರೇ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ರಸಿಕರೇ, ಬಾಗಿಲ ಬಳಿ ನಿಂತು ಇರಲೋ ಹೋಗಲೋ ಎಂದು ಯೋಚಿಸುತ್ತಿರುವ ಬುದ್ಧಿವಂತರೇ, ಈ ನೋಟುಪುಸ್ತಕದ ಉದ್ಘಾಟನಾ ಸಮಾರಂಭಕ್ಕೆ ತಮಗೆಲ್ಲ ಹಾರ್ದಿಕ ಸ್ವಾಗತ. ಸ್ವಾಗತಗೀತೆ ಇಲ್ಲ, ಹಾಡುವವಳು ಮನೆ ಬಿಟ್ಟು ಎಂಟು ದಿನ ಆಯಿತು. ಬೆಳಕಿನ ವ್ಯವಸ್ಥೆಯಲ್ಲೂ ಕೊರತೆ ಇದೆ. ಅಡುಗೆಮನೆಯ ಬಲ್ಬು ಹೋಗಿದೆ.

ಅತಿಥಿಯ ಪರಿಚಯ. ಅತಿಥಿಯೂ ನಾನೇ, ಪರಿಚಯಿಸುವವನೂ ನಾನೇ, ಕೊನೆಗೆ ವಂದನಾರ್ಪಣೆಯೂ ನನ್ನ ತಲೆಗೇ. ವಯಸ್ಸು ನಲವತ್ತಾರು. ಕನ್ನಡ ಮಾಧ್ಯಮದಲ್ಲಿ ಬಿ.ಎ., ಛಂದಸ್ಸಿನಲ್ಲಿ ತರಗತಿಗೇ ಮೊದಲು. ಉದ್ಯೋಗ: ಕೂರುವುದು.

ನಗಬೇಡಿ. ಬೈಕು ತಯಾರಿಸುವ ಕಾರ್ಖಾನೆಯ ಗಾಳಿ ಸುರಂಗದಲ್ಲಿ, ಎರಡಂತಸ್ತಿನ ಮನೆಯಷ್ಟು ಎತ್ತರದ ಫ್ಯಾನಿನ ಎದುರು, ನೆಲಕ್ಕೆ ಬಿಗಿದ ಬೈಕಿನ ಮೇಲೆ ಕೂರುತ್ತೇನೆ. ಗಲ್ಲವನ್ನು ಪೆಟ್ರೋಲ್ ಟ್ಯಾಂಕಿಗೆ ಒತ್ತಬೇಕು, ಮೊಣಕೈ ಮಡಚಬೇಕು, ಮೊಣಕಾಲು ಒಳಗೆಳೆದುಕೊಳ್ಳಬೇಕು, ಅಲುಗಾಡಬಾರದು. ಬೈಕು ಎಲ್ಲಿಗೂ ಹೋಗುವುದಿಲ್ಲ, ಗಾಳಿಯೇ ನಮ್ಮಲ್ಲಿಗೆ ಬರುತ್ತದೆ. ಅದು ಎಷ್ಟು ತಡೆಯುತ್ತದೆ ಎಂದು ಚಕ್ರದಡಿಯ ತಕ್ಕಡಿ ಅಳೆಯುತ್ತದೆ. ನಿಜವಾದ ಸವಾರ ಬೇರೆ ಇದ್ದಾನೆ. ಅವನನ್ನು ಎಲ್ಲರೂ ಸೂಜಿ ಅನ್ನುತ್ತಾರೆ. ದಾರಿಯ ಮೇಲೆ ಓಡಿಸಬೇಕಾದವನನ್ನು ದಿನವಿಡೀ ಫ್ಯಾನಿನ ಮುಂದೆ ಕೂರಿಸಲಾಗುವುದಿಲ್ಲ. ನನ್ನ ಎತ್ತರ, ಭುಜ, ಬೆನ್ನು, ತೂಕ ಎಲ್ಲವೂ ಅವನ ಅಳತೆಯೇ. ಎಪ್ಪತ್ತೆರಡು ಕಿಲೋ. ಹನ್ನೊಂದು ವರ್ಷದ ಹಿಂದೆ ಗುಮಾಸ್ತನಾಗಿದ್ದವನನ್ನು ಯಾರೋ ಹಿಂದಿನಿಂದ ನೋಡಿ ಆರಿಸಿದರು. ಮುಖಕ್ಕೆ ಸಿಗದ ಬಡ್ತಿ ಬೆನ್ನಿಗೆ ಸಿಕ್ಕಿತು.

ಹೆಂಡತಿ ತನ್ನ ಅಕ್ಕನ ಮನೆಗೆ ಹೋಗಿದ್ದಾಳೆ. ವಾಪಸು ಬರುವ ಲಕ್ಷಣದ ಹೋಗುವಿಕೆ ಅಲ್ಲ. ಈ ತಿಂಗಳ ಏಳಕ್ಕೆ, ಮಂಗಳವಾರ, ಅವಳ ಎದೆಯಲ್ಲಿದ್ದ ಗಂಟಿನ ರಿಪೋರ್ಟು ಬರುವುದಿತ್ತು. ‘ಜೊತೆಗೆ ಬರ್ತೀರಾ?’ ಎಂದು ಕೇಳಿದಳು. ‘ಮಂಗಳವಾರ ಗಾಳಿಯ ಪಾಳಿ, ಪಕ್ಕದ ಕುರ್ಚಿ ಖಾಲಿ’ ಅಂದೆ. ಳಕಾರಕ್ಕೆ ಲಕಾರ ಸರಿಯಾದ ಪ್ರಾಸವಲ್ಲ, ಒಪ್ಪುತ್ತೇನೆ. ಅವಳ ತಕರಾರು ಅದಲ್ಲ.

ಒಬ್ಬಳೇ ಹೋಗಿ ಬಂದಳು. ಕೆಟ್ಟದ್ದೇನೂ ಇಲ್ಲ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಅಂದರಂತೆ. ಹನ್ನೆರಡು ದಿನ ಬಿಟ್ಟು, ಭಾನುವಾರ, ಎರಡು ಸೂಟ್‌ಕೇಸ್ ಬಾಗಿಲಲ್ಲಿಟ್ಟು ಹೇಳಿದಳು: ‘ಇಪ್ಪತ್ತು ವರ್ಷ ನಾನು ಕೇಳಿದ್ದಕ್ಕೆಲ್ಲ ನೀವು ಪ್ರಾಸ ಕೊಟ್ರಿ. ಉತ್ತರ ಕೊಡ್ಲಿಲ್ಲ.’

ಆ ಮಂಗಳವಾರ ಸುರಂಗದಲ್ಲಿ ಟೆಸ್ಟ್ ಇತ್ತು, ನಾನೇನು ಮಾಡಲಿ. ಸಭೆ ಇದನ್ನು ದಾಖಲಿಸಿಕೊಳ್ಳಬೇಕಾಗಿ ವಿನಂತಿ.

ಫೆಬ್ರವರಿ ೫, ಬುಧವಾರ

ಹೊಸ ಗಾಜು ಬಂತು. ಗಾಜು ಅನ್ನುವುದು ರೂಢಿ. ಬೈಕಿನ ಮೂತಿಯ ಮೇಲಿನ ಪಾರದರ್ಶಕ ಪ್ಲಾಸ್ಟಿಕ್ಕು ಅದು. ನಮ್ಮ ಎಂಜಿನಿಯರ್ ಗಾಳಿ ಮೇಡಂ ಎರಡು ವರ್ಷ ಕೂತು ಅದರ ಬೆನ್ನಿಗೊಂದು ಉಬ್ಬು ಕೊಟ್ಟಿದ್ದಾರೆ. ಹಳೆಯ ಗಾಜಿನಲ್ಲಿ ಈ ಬೈಕಿನ ಗರಿಷ್ಠ ವೇಗ ಗಂಟೆಗೆ ಇನ್ನೂರ ತೊಂಬತ್ತಾರು ಕಿಲೋಮೀಟರು. ಮುನ್ನೂರು ಮುಟ್ಟಿದರೆ ಹೊಸ ಗಾಜು ಉಳಿಯುತ್ತದೆ, ಇಲ್ಲದಿದ್ದರೆ ಮೇಡಂ ಸೈಲೆನ್ಸರ್ ವಿಭಾಗಕ್ಕೆ ಹೋಗುತ್ತಾರೆ ಎಂದು ದೊಡ್ಡ ಸಾಹೇಬರು ಎಲ್ಲರೆದುರಿಗೆ ಹೇಳಿದ್ದಾರೆ. ಆ ನಾಲ್ಕು ಕಿಲೋಮೀಟರು ಸಿಗಬೇಕಾದರೆ ಗಾಳಿಯ ತಡೆ ನೂರಕ್ಕೆ ನಾಲ್ಕರಷ್ಟು ಇಳಿಯಬೇಕು.

ಒಳಗೆ ಹೋಗುವ ಮೊದಲು ಬಾಗಿಲ ಬಳಿಯ ತೂಕದ ಯಂತ್ರದ ಮೇಲೆ ನಿಂತು, ಬಂದ ಅಂಕಿಯನ್ನು ಫಾರ್ಮಿನಲ್ಲಿ ನಾನೇ ಬರೆಯಬೇಕು ಎಂಬುದು ನಿಯಮ. ಕೂರುವವನ ಮೈ ಬದಲಾದರೆ ಅಳತೆಯೇ ಬದಲಾಗುತ್ತದೆ. ಎಪ್ಪತ್ತೆರಡು ಎಂದು ಬರೆದೆ. ಯಂತ್ರದ ಮೇಲೆ ನಿಲ್ಲಲಿಲ್ಲ. ಹನ್ನೊಂದು ವರ್ಷದಿಂದ ಅದೇ ಅಂಕಿ. ನನ್ನ ಹೆಸರು ಬರೆಯುವಾಗ ಕನ್ನಡಿ ನೋಡಿಕೊಳ್ಳುತ್ತೇನೆಯೇ?

ಡಿಸೆಂಬರಿನಲ್ಲಿ ಹಳೆಯ ಗಾಜಿಗೆ ಬಂದ ಅಳತೆಗಿಂತ ಒಂದೂವರೆ ಪರ್ಸೆಂಟ್ ಕಡಿಮೆ ಬಂತು.

‘ಕವಿಗಳೇ, ಇನ್ನೂ ಸ್ವಲ್ಪ ಬಗ್ಗೋಕಾಗುತ್ತಾ?’ ಅಂದರು ಮೇಡಂ ಮೈಕಿನಲ್ಲಿ.

‘ಇನ್ನು ಬಗ್ಗಿದ್ರೆ ಬೈಕೇ ನನ್ನ ಮೇಲೆ ಕೂರಬೇಕು ಮೇಡಂ.’

ಫೆಬ್ರವರಿ ೯, ಭಾನುವಾರ

ಬ್ರೆಡ್ಡು ಸುಟ್ಟೆ. ಎರಡು ತಟ್ಟೆ ಇಟ್ಟೆ. ಒಂದನ್ನು ಒಳಗಿಟ್ಟೆ. ಪ್ರಾಸ ತಾನಾಗಿಯೇ ಬಂತು, ಹಸಿವು ಬರಲಿಲ್ಲ.

ಫೆಬ್ರವರಿ ೧೩, ಗುರುವಾರ

ಸುರಂಗದ ಗೋಡೆಯಲ್ಲಿ ದಪ್ಪ ಗಾಜಿನ ಕಿಟಕಿಯಿದೆ. ಮೂರು ವರ್ಷದ ಹಿಂದೆ ಮನೆಯವರನ್ನೆಲ್ಲ ಕರೆದು ಕಾರ್ಖಾನೆ ತೋರಿಸಿದ್ದರು. ಅವಳು ಆ ಕಿಟಕಿಯ ಆಚೆ ನಿಂತು ನನ್ನನ್ನು ನೋಡಿದಳು. ಗಾಳಿ ಎಷ್ಟು ಜೋರೆಂದರೆ ಕಣ್ಣು ಹೊರಳಿಸಿದರೂ ಕತ್ತು ನೋಯುತ್ತದೆ. ಕೈ ಬೀಸುವ ಪ್ರಶ್ನೆಯೇ ಇಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಅಂದಳು: ‘ಇದಕ್ಕೆ ಸಂಬಳ ಬೇರೆ ಕೊಡ್ತಾರಾ? ಮನೇಲಿ ಬಿಟ್ಟಿ ಮಾಡ್ತೀರಲ್ರೀ.’

ಆಗ ನಾವಿಬ್ಬರೂ ತುಂಬ ನಕ್ಕಿದ್ದೆವು. ಅವಳು ನನಗಿಂತ ಬೇಗ ನಗು ನಿಲ್ಲಿಸಿದ್ದಳು ಎಂದು ಇವತ್ತು ಕೂತಲ್ಲೇ ನೆನಪಾಯಿತು.

ಫೆಬ್ರವರಿ ೨೦, ಗುರುವಾರ

ಈ ಮನೆಯಲ್ಲಿ ಎಲ್ಲವೂ ದೊಡ್ಡದಾಗುತ್ತಿದೆ, ಸಭಿಕರು ಗಮನಿಸಬೇಕು. ಬೆಲ್ಟು ದೊಡ್ಡದಾಯಿತು, ಮೊಳೆ ಕಾಯಿಸಿ ಹೊಸ ತೂತು ಹಾಕಿದೆ. ಮದುವೆಯ ಉಂಗುರ ದೊಡ್ಡದಾಯಿತು. ಲೋಟ ತೊಳೆಯುವಾಗ ಕಳಚಿ ಸಿಂಕಿಗೆ ಬಿತ್ತು, ಹೆಕ್ಕಿ ಸಕ್ಕರೆ ಡಬ್ಬಿಯ ಮುಚ್ಚಳದ ಮೇಲಿಟ್ಟೆ. ಹಾಸಿಗೆಯ ವಿಸ್ತೀರ್ಣವಂತೂ ಹೇಳುವುದೇ ಬೇಡ. ಇವತ್ತು ತೊಗಲಿನ ಸೂಟಿಗೂ ಈ ರೋಗ ಬಂತು. ಗಾಳಿಗೆ ತೋಳು ಪಟಪಟ ಬಡಿದುಕೊಂಡು ಅಳತೆ ಕೆಟ್ಟಿತು. ಸ್ಟೋರಿಗೆ ಹೋದೆ.

‘ಏನ್ರೀ ಕವಿಗಳೇ, ಸೂಟು ಹಿಗ್ತೋ ನೀವು ಕುಗ್ಗಿದ್ರೋ?’ ಅಂದ ಸ್ಟೋರಿನವನು.

‘ತೊಗಲು ಕಣಯ್ಯಾ. ಹನ್ನೊಂದು ವರ್ಷ ಗಾಳಿ ಕುಡಿದಿದೆ.’

‘ತೊಗಲು ಹಿಗ್ಗೋದು ಮೊಣಕಾಲಲ್ಲಿ. ಇದು ಹೆಗಲಲ್ಲಿ ಜೋತುಬಿದ್ದಿದೆ.’

‘ನಿನ್ನ ಕೆಲಸ ಕೊಡೋದು. ತನಿಖೆ ಅಲ್ಲ.’

‘ಆಯ್ತಪ್ಪ, ಒಂದು ಸೈಜ್ ಚಿಕ್ಕದು ತಗೊಳ್ಳಿ. ಇಲ್ಲಿ ಸಹಿ ಹಾಕಿ. ಪದ್ಯ ಬೇಡ, ಸಹಿ ಸಾಕು.’

ಚಿಕ್ಕ ಸೂಟು ಹೇಳಿ ಮಾಡಿಸಿದ ಹಾಗೆ ಕೂತಿತು. ಡಿಸೆಂಬರಿಗಿಂತ ತಡೆ ಈಗ ಒಟ್ಟು ಎರಡೂವರೆ ಪರ್ಸೆಂಟ್ ಇಳಿಯಿತು. ಸಡಿಲ ಸೂಟು ಇಷ್ಟು ದಿನ ಗಾಜಿನ ಗುಣವನ್ನು ಮುಚ್ಚಿಟ್ಟಿತ್ತು ಎಂದರು ಮೇಡಂ. ಹಳೆಯ ಗಾಜನ್ನು ಇನ್ನೊಮ್ಮೆ ಹಾಕಿ ಅಳೆಯೋಣವೇ ಎಂದು ಸಹಾಯಕರು ಕೇಳಿದರು. ‘ಸಮಯ ಎಲ್ಲಿದೆ? ಅದೇ ಬೈಕು, ಅದೇ ಮನುಷ್ಯ, ಅದೇ ಎಪ್ಪತ್ತೆರಡು’ ಎಂದು ಫಾರ್ಮು ತೋರಿಸಿದರು. ನಾನು ಹೆಲ್ಮೆಟ್ ಒರೆಸುತ್ತಿದ್ದೆ.

ಮಾರ್ಚ್ ೨, ಭಾನುವಾರ

ಅವಳು ಬಂದಳು. ಆಸ್ಪತ್ರೆಯ ಫೈಲು ಇಲ್ಲೇ ಉಳಿದಿತ್ತು, ಅದಕ್ಕಾಗಿ. ಬೀಗದ ಕೈ ಅವಳ ಹತ್ತಿರ ಇದೆ. ಆದರೂ ಬೆಲ್ ಒತ್ತಿ ಹೊರಗೆ ನಿಂತಳು.

‘ಇಷ್ಟು ಇಳಿದುಹೋಗಿದ್ದೀರಲ್ರೀ.’

‘ಇಳಿದಿಲ್ಲ, ತಿಳಿಯಾಗಿದ್ದೀನಿ.’

ನನ್ನ ಮುಖವನ್ನೇ ನೋಡಿದಳು. ‘ಊಟ ಮಾಡ್ತಿದ್ದೀರಾ?’

‘ಮಾಡ್ತೀನಿ, ನೋಡ್ತೀನಿ, ಎತ್ತಿಡ್ತೀನಿ.’

‘ಸರಿ’ ಅಂದಳು. ಆ ಸರಿಯ ಅರ್ಥ ನನಗೆ ಗೊತ್ತು. ಟೀ ಮಾಡಿದಳು, ಇಬ್ಬರಿಗೂ. ಡ್ರಾಯರಿನಲ್ಲೇ ಇದ್ದ ಹೊಸ ಬಲ್ಬು ತೆಗೆದು ಕುರ್ಚಿ ಹತ್ತಿ ಹಾಕಿದಳು. ನಾನು ಕುರ್ಚಿ ಹಿಡಿದುಕೊಂಡಿದ್ದೆ. ಬೆಳಕಿನಲ್ಲಿ ನೋಡಿದರೆ ಸಿಂಕಿನಲ್ಲಿ ಒಂದು ಲೋಟ ಬಿಟ್ಟು ತೊಳೆಯಬೇಕಾದ ಪಾತ್ರೆಯೇ ಇರಲಿಲ್ಲ. ನಾನೆಷ್ಟು ಶಿಸ್ತಿನ ಮನುಷ್ಯ ಎಂದು ಅವಳಿಗೂ ಕಂಡಿರಬೇಕು.

ಬಾಗಿಲ ಬಳಿ ನಿಂತು ಹೇಳಿದಳು: ‘ಏಪ್ರಿಲ್ ಎಂಟಕ್ಕೆ ಮತ್ತೆ ಸ್ಕ್ಯಾನ್. ಹತ್ತೂವರೆಗೆ. ಬನ್ನಿ ಅಂತಲ್ಲ, ಹೇಳ್ದೆ ಅಷ್ಟೆ.’ ಚಪ್ಪಲಿ ಹಾಕಿಕೊಂಡು, ‘ಒಂದು ಕೇಳ್ತೀನಿ. ಆವತ್ತು ನಿಜವಾಗ್ಲೂ ಟೆಸ್ಟ್ ಇತ್ತಾ?’

‘ಇತ್ತು’ ಅಂದೆ.

ಒಂದೇ ಪದ. ಪ್ರಾಸವಿಲ್ಲ, ಒಗ್ಗರಣೆಯಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಕೊಟ್ಟ ಮೊದಲ ನೇರ ಉತ್ತರ. ಮೆಚ್ಚುತ್ತಾಳೆ ಅಂದುಕೊಂಡಿದ್ದೆ. ತಲೆಯಾಡಿಸಿ ಮೆಟ್ಟಿಲಿಳಿದಳು.

ಮಾರ್ಚ್ ೩, ಸೋಮವಾರ

ನಿನ್ನೆ ಅವಳು ಟೀಗೆ ಸಕ್ಕರೆ ತೆಗೆದುಕೊಂಡಳು. ಮುಚ್ಚಳದ ಮೇಲಿದ್ದ ಉಂಗುರ ನೋಡಿಯೇ ಇರುತ್ತಾಳೆ. ಅದು ಇವತ್ತೂ ಮುಚ್ಚಳದ ಮೇಲೇ ಇದೆ.

ಮಾರ್ಚ್ ೧೧, ಮಂಗಳವಾರ

ಇವತ್ತು ಏನು ಮನಸ್ಸು ಬಂತೋ, ತೂಕದ ಯಂತ್ರ ಹತ್ತಿದೆ. ಅಂಕಿಗಳು ಮೇಲೆ ಕೆಳಗೆ ಓಡಾಡಿದವು. ನಿಲ್ಲುವ ಮೊದಲೇ ಇಳಿದೆ. ಎಪ್ಪತ್ತೆರಡು ಬರೆದೆ.

ತಡೆ ಒಟ್ಟು ನಾಲ್ಕು ಪರ್ಸೆಂಟ್ ಇಳಿಯಿತು. ಸರಿಯಾಗಿ ನಾಲ್ಕು.

ಮೇಡಂ ಮೈಕು ಆರಿಸುವುದನ್ನು ಮರೆತು ಅತ್ತರು. ಸುರಂಗದ ತುಂಬ ಕೇಳಿಸಿತು. ಆಮೇಲೆ ಮೂಗೊರೆಸಿಕೊಂಡು ಬಂದು, ‘ಮುನ್ನೂರು, ಕವಿಗಳೇ. ಒಂದು ಪ್ರಾಸ ಹೇಳಿ’ ಅಂದರು. ‘ಮುಟ್ಟಿದರೆ ಮುನ್ನೂರು, ಅದೇ ನಿಮ್ಮೂರು’ ಅಂದೆ. ದೊಡ್ಡ ಸಾಹೇಬರು ನನ್ನ ಕೈ ಕುಲುಕಿದರು. ಕೈಯಲ್ಲಿ ಏನೋ ಕಡಿಮೆಯಿದೆ ಅನ್ನುವ ಹಾಗೆ ಇನ್ನೊಮ್ಮೆ ಹಿಡಿದು ನೋಡಿದರು.

ಇಂಥ ಅಂಕಿಗಳನ್ನು ನಾನು ಮೊದಲು ಹೇಳುತ್ತಿದ್ದುದು ಅವಳಿಗೆ. ಅವಳಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ‘ಹೌದಾ’ ಅನ್ನುತ್ತಿದ್ದಳು. ಸಂಜೆ ಫೋನು ಮಾಡಿದೆ. ಅವಳಕ್ಕ ಎತ್ತಿದರು.

‘ಮಲಗಿದ್ದಾಳೆ.’

‘ಸಂಜೆ ಆರಕ್ಕಾ?’

‘ನಿಮ್ಮ ಫೋನ್ ಬಂದ್ರೆ ಮಲಗ್ತಾಳೆ. ಏನಾದ್ರೂ ಹೇಳ್ಬೇಕಾ?’

‘ನಾಲ್ಕು ಪರ್ಸೆಂಟ್ ಅಂತ ಹೇಳಿ.’

‘ಏನು ನಾಲ್ಕು ಪರ್ಸೆಂಟ್?’

‘ಹಾಗೆ ಹೇಳಿದ್ರೆ ಸಾಕು’ ಅಂದೆ. ಅವರು ಹೇಳಿರಲಿಕ್ಕಿಲ್ಲ.

ಮಾರ್ಚ್ ೨೧, ಶುಕ್ರವಾರ

ಟಾಪ್ ಸ್ಪೀಡ್ ಅಂದರೆ ಒಂದು ಓಟವಲ್ಲ. ನೇರ ದಾರಿಯಲ್ಲಿ ಹೋಗಬೇಕು, ಅದೇ ದಾರಿಯಲ್ಲಿ ಮರಳಿ ಬರಬೇಕು, ಎರಡರ ಸರಾಸರಿ ಹಿಡಿಯಬೇಕು. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದೆಗಿರುತ್ತದೆ. ಬರೀ ಹೋದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೊಸ ಗಾಜು ಹಾಕಿಕೊಂಡು ಸೂಜಿ ಹೋದ. ಮುನ್ನೂರ ನಾಲ್ಕು. ಚಪ್ಪಾಳೆ. ಮರಳಿ ಬಂದ. ಇನ್ನೂರ ತೊಂಬತ್ತೊಂದು. ಸರಾಸರಿ ಇನ್ನೂರ ತೊಂಬತ್ತೇಳೂವರೆ.

ದೊಡ್ಡ ಸಾಹೇಬರು ಸೂಜಿಯ ಸೊಂಟಕ್ಕೆ ತಟ್ಟಿ, ‘ಏನಪ್ಪಾ, ಹೊಟ್ಟೆ ಬಂತಾ?’ ಅಂದರು. ಕೆಲವರು ನಕ್ಕರು. ‘ಸುರಂಗದ ಅಳತೆ ತಪ್ಪೋದಿಲ್ಲ ಸಾರ್’ ಅಂದರು ಮೇಡಂ. ಹಾಗಾದರೆ ತಪ್ಪು ಮೇಲೆ ಕೂತವನದು ಎಂದು ಎಲ್ಲರೂ ಒಪ್ಪಿದಂತಾಯಿತು. ನಾನು ನನ್ನ ಬೆಲ್ಟಿನ ಹೊಸ ತೂತಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದೆ.

ಮಾರ್ಚ್ ೨೮, ಶುಕ್ರವಾರ

ಕ್ಯಾಂಟೀನಿನಲ್ಲಿ ಸೂಜಿ ಎದುರಿಗೆ ಬಂದು ಕೂತ. ತಟ್ಟೆಯಲ್ಲಿ ನಾಲ್ಕು ಸೌತೆಕಾಯಿ ಹೋಳು.

‘ಅಣ್ಣ, ನಿನ್ನ ತೂಕ ಎಷ್ಟು?’

‘ಎಪ್ಪತ್ತೆರಡು.’

‘ನಂದೂ ಅಷ್ಟೇ ಇತ್ತು. ಮತ್ತೆ ನಿನಗೆ ಬಂದಿದ್ದು ನನಗ್ಯಾಕೆ ಬರ್ಲಿಲ್ಲ?’

‘ಬೆನ್ನು ಸ್ವಲ್ಪ ಎತ್ತಿದ್ಯೇನೋ.’

‘ಎತ್ತಿಲ್ಲ. ವಿಡಿಯೊ ನೋಡ್ದೆ. ಏನೋ ನನ್ನ ಮೈಯಲ್ಲೇ ಐಬು. ಈ ವಾರ ಮೂರು ಕಿಲೋ ಇಳಿಸಿದ್ದೀನಿ, ಇನ್ನೂ ಇಳಿಸ್ತೀನಿ.’

‘ತಿನ್ನದೆ ಮುನ್ನೂರರಲ್ಲಿ ಓಡಿಸ್ತೀಯಾ?’

ಅವನು ನನ್ನ ತಟ್ಟೆ ನೋಡಿದ. ಅದರಲ್ಲಿ ಅರ್ಧ ಬ್ರೆಡ್ಡಿತ್ತು, ಅದೂ ಬರೀ ಅಂಚು ಕಚ್ಚಿದ್ದು. ‘ನೀನೇನು ಹಬ್ಬದೂಟ ಮಾಡ್ತಿದ್ದೀಯಾ’ ಅಂದ. ಇಬ್ಬರೂ ನಕ್ಕೆವು. ಅವನು ಮೊದಲಿನಿಂದಲೂ ನನ್ನನ್ನು ನಂಬುತ್ತಾನೆ. ನನ್ನ ಮೈಯೇ ಅವನ ಮೈ ಎಂದು ಹೇಳಿಕೊಟ್ಟವರು ನಾವೇ.

ಏಪ್ರಿಲ್ ೨, ಬುಧವಾರ

ಎರಡನೆಯ ಓಟ. ಸರಾಸರಿ ಇನ್ನೂರ ತೊಂಬತ್ತೆಂಟು. ಅದಲ್ಲ ವಿಷಯ.

ಸೂಜಿ ಮರಳಿ ಬಂದ. ವೇಗವೆಲ್ಲ ಇಳಿಸಿ, ನಮ್ಮೆದುರು ಬಂದು, ನಿಂತ. ಕಾಲು ಕೆಳಗಿಡಲಿಲ್ಲ. ನಿಂತ ಬೈಕು ಹಾಗೆಯೇ ಪಕ್ಕಕ್ಕೆ ವಾಲಿ ಬಿತ್ತು, ಅವನೂ ಅದರ ಜೊತೆ. ಹೆಲ್ಮೆಟ್ ತೆಗೆದರೆ ಮುಖದಲ್ಲಿ ರಕ್ತವೇ ಇಲ್ಲ. ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ ಹೇಳಿದ: ‘ವಾಪಸ್ ಬರೋವಾಗ ಬಿಳಿ ಗೆರೆ ಎರಡು ಕಾಣ್ತು ಅಣ್ಣ. ಯಾವುದು ನಿಜ ಅಂತ ಗೊತ್ತಾಗ್ಲಿಲ್ಲ. ನಡುವೆ ಬಿಟ್ಕೊಂಡು ಬಂದೆ. ಯಾರಿಗೂ ಹೇಳ್ಬೇಡ.’

ಶುಕ್ರವಾರ ಇನ್ನೊಂದು ಓಟ, ಅದೇ ಕೊನೆ ಅಂದರು ದೊಡ್ಡ ಸಾಹೇಬರು. ‘ಅಷ್ಟರಲ್ಲಿ ಇನ್ನೊಂದು ಕಿಲೋ ಇಳಿಸ್ತೀನಿ ಸಾರ್’ ಅಂದ ಸೂಜಿ.

ಪ್ರಾಸ ಹುಡುಕಿದೆ. ಸಿಗಲಿಲ್ಲ.

ಏಪ್ರಿಲ್ ೩, ಗುರುವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ತೂಕದ ಯಂತ್ರ ಹತ್ತಿದೆ. ಅಂಕಿ ನಿಲ್ಲುವವರೆಗೂ ನಿಂತೆ. ಅರವತ್ತಮೂರು. ಇಳಿದು ಮತ್ತೆ ಹತ್ತಿದೆ. ಅರವತ್ತಮೂರು.

ಮೇಡಂ ಬಂದರು.

‘ಮೇಡಂ, ಇಳಿದಿದ್ದು ಗಾಜಿಂದಲ್ಲ. ನನ್ನಿಂದ.’

ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಯಂತ್ರ ಹತ್ತಿ ತೋರಿಸಿದೆ. ಅವರು ಅಂಕಿ ನೋಡಿದರು, ಒಳಗೆ ಹೋಗಿ ಫಾರ್ಮುಗಳ ಕಟ್ಟು ತಂದರು.

‘ಇಲ್ಲೆಲ್ಲ ಎಪ್ಪತ್ತೆರಡು ಅಂತಿದೆ.’

‘ನೋಡದೆ ಬರೆದೆ.’

‘ಯಾವಾಗಿಂದ?’

‘ನೋಡದೆ ಬರೆಯೋದು ಹನ್ನೊಂದು ವರ್ಷದಿಂದ. ಅದು ಸುಳ್ಳಾಗಿದ್ದು ಈ ಎರಡು ತಿಂಗಳಿಂದ.’

ಮೇಡಂ ಅಲ್ಲೇ ಮೆಟ್ಟಿಲ ಮೇಲೆ ಕೂತರು. ‘ಅಂದ್ರೆ ಮೊದಲ ದಿನ ಬಂದ ಒಂದೂವರೆ ಮಾತ್ರ ನನ್ನ ಗಾಜು. ಉಳಿದದ್ದೆಲ್ಲ ನೀವು ಊಟ ಬಿಟ್ಟಿದ್ದು.’

‘ಹೌದು.’

‘ಸೂಜಿಗೆ ಹೊಟ್ಟೆ ಬಂತಾ ಅಂತ ನಗ್ತಿದ್ದಾಗ ನೀವು ಅಲ್ಲೇ ಇದ್ರಿ.’

‘ಇದ್ದೆ.’

‘ನಿನ್ನೆ ಬಿದ್ದಾಗ್ಲೂ.’

‘ಇದ್ದೆ ಮೇಡಂ.’

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫಾರ್ಮುಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು: ‘ಮನೇಲಿ ಏನಾಯ್ತು?’

ನಾನು ಬಾಯಿ ತೆರೆದೆ.

‘ಪ್ರಾಸ ಬೇಡ.’

‘ಅವಳು ಹೋದ್ಲು’ ಅಂದೆ.

ಅವರು ಅಲ್ಲೇ ಕೂತು ಫೋನು ಮಾಡಿ ಶುಕ್ರವಾರದ ಓಟ ನಿಲ್ಲಿಸಿದರು. ಆಮೇಲೆ ಸೂಜಿಗೆ ಮಾಡಿದರು. ‘ತಪ್ಪು ನಿಂದಲ್ಲ. ಎಲ್ಲಿದ್ದೀಯೋ ಅಲ್ಲೇ ಏನಾದ್ರೂ ತಿನ್ನು. ಈಗಲೇ.’ ಆ ಕಡೆ ಅವನು ಏನು ಕೇಳಿದನೋ, ಮೇಡಂ ನನ್ನ ಕಡೆ ನೋಡಿ, ‘ಅದನ್ನ ಅವರೇ ಹೇಳ್ತಾರೆ’ ಅಂದರು.

ಏಪ್ರಿಲ್ ೭, ಸೋಮವಾರ

ಗಾಜು ಹೋಯಿತು. ಮುಂದಿನ ತಿಂಗಳಿಂದ ಮೇಡಂ ಸೈಲೆನ್ಸರ್ ವಿಭಾಗ, ನಾನು ಮತ್ತೆ ಗುಮಾಸ್ತ. ಸುರಂಗದಲ್ಲಿ ಕೂರಲು ಫೈಬರಿನ ಬೊಂಬೆ ಬರುತ್ತದಂತೆ. ಅದು ಊಟ ಬಿಡುವುದಿಲ್ಲ, ಅದನ್ನು ಯಾರೂ ಬಿಟ್ಟುಹೋಗುವುದಿಲ್ಲ.

ಸೂಜಿಗೆ ಎಲ್ಲವನ್ನೂ ನಾನೇ ಹೇಳಿದೆ. ಮೂರು ದಿನ ನನ್ನ ಕಡೆ ತಿರುಗಿ ನೋಡಲಿಲ್ಲ. ಇವತ್ತು ಕ್ಯಾಂಟೀನಿನಲ್ಲಿ ತುಂಬಿದ ತಟ್ಟೆಯೊಂದನ್ನು ತಂದು ನನ್ನ ಮುಂದೆ ಕುಕ್ಕಿದ. ‘ತಿನ್ನು. ಮುಗಿಯೋವರೆಗೂ ಏಳಲ್ಲ ನಾನು.’ ಕೈಕಟ್ಟಿ ಕೂತ. ನಾನು ತಿಂದೆ. ಮುಗಿದ ಮೇಲೆ ಖಾಲಿ ತಟ್ಟೆ ಎತ್ತಿಕೊಂಡು ಎದ್ದು ಹೋದ.

ಸಂಜೆ ಮೇಡಂ ಹಳೆಯ ಫಾರ್ಮುಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಿದ್ದರು. ‘ಜನವರಿ ಏಳರದ್ದು ಸಿಗ್ತಿಲ್ಲವಲ್ಲ’ ಅಂದರು. ನಾನು ಒರೆಸಿದ ಹೆಲ್ಮೆಟ್ಟನ್ನೇ ಮತ್ತೆ ಒರೆಸಿದೆ. ಅವರೇ, ‘ಓ, ಆವತ್ತು ಫ್ಯಾನ್ ರಿಪೇರಿ’ ಎಂದು ಮುಂದಿನ ಹಾಳೆ ತೆಗೆದರು.

ನಾಳೆ ಎಂಟು. ಹತ್ತೂವರೆಗೆ ಅವಳ ಸ್ಕ್ಯಾನ್.

ಮಾನ್ಯ ಸಭಿಕರೇ, ಇಷ್ಟು ಹೊತ್ತು ತಾಳ್ಮೆಯಿಂದ ಕೂತು, ಕೇಳಿ, ಈ ಕಾರ್ಯಕ್ರಮವನ್ನು

ಇಲ್ಲ. ಯಾರೂ ಬಂದಿಲ್ಲ. ಸಭೆ ಇಲ್ಲ.

ಆ ಮಂಗಳವಾರ ಟೆಸ್ಟ್ ಇರಲಿಲ್ಲ. ಸುರಂಗ ಮುಚ್ಚಿತ್ತು, ನಾನು ರಜೆ ಹಾಕಿದ್ದೆ. ಆಸ್ಪತ್ರೆಯವರೆಗೂ ಹೋಗಿದ್ದೆ. ಒಳಗೆ ಹೋಗಲು ಕಾಲು ಬರಲಿಲ್ಲ. ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಎರಡು ಗಂಟೆ ಕೂತೆ. ಅವಳು ಫೈಲನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದಳು. ಮೆಟ್ಟಿಲ ಮೇಲೆ ನಿಂತು ಆ ಕಡೆ ನೋಡಿದಳು, ಯಾರಾದರೂ ಬಂದಿರಬಹುದೇನೋ ಅನ್ನುವ ಹಾಗೆ. ರಿಪೋರ್ಟಿನಲ್ಲಿ ಏನಿದೆಯೆಂದು ಆಗ ನನಗೆ ಗೊತ್ತಿರಲಿಲ್ಲ. ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು. ಅವಳು ಈ ಕಡೆ ತಿರುಗುವಷ್ಟರಲ್ಲಿ ನಾನು ಗಲ್ಲವನ್ನು ಮೊಣಕಾಲಿಗೆ ಒತ್ತಿ, ಮೊಣಕೈ ಮಡಚಿ, ಬೆನ್ನು ಬಗ್ಗಿಸಿ, ಅಲುಗಾಡದೆ ಕೂತೆ. ಅವಳಿಗೆ ಕಾಣಲಿಲ್ಲ.